ಬುಕ್ಕಿಂಗ್ ನನ್ನದು

ಎಂಬತ್ತರ ದಶಕದ ಆರಂಭದಲ್ಲಿ, ಕುವೈತಿನ ನಮ್ಮ ಫ್ಲ್ಯಾಟಿಗೆ ಫೋನ್ ಬಂದಾಗಲೆಲ್ಲ ನನಗೆ ಸಿಟ್ಟೇರುತ್ತಿತ್ತು. "ಯಜಮಾನ್ರು ಇದ್ದಾರಾ? ಬ್ಯಾಂಡ್ ಬೇಕಿತ್ತು." ಯಜಮಾನರಿಗೆ ಟ್ರಂಪೆಟ್ ಊದುವುದೊಂದು ಬಿಟ್ಟು ಬೇರೇನೂ ತಿಳಿಯದು. ಮಂಗಳೂರು ಕಡೆಯ ಐದು ಜನರ ಆ ಬ್ಯಾಂಡಿಗೆ ಮದುವೆ, ಶುಕ್ರವಾರದ ರಜೆಯ ಡ್ಯಾನ್ಸು ಎಲ್ಲ ಗೊತ್ತುಮಾಡುತ್ತಿದ್ದವಳು ನಾನು. ಹಗಲು ಆಫೀಸಿನಲ್ಲಿ ಟೈಪಿಸ್ಟ್, ಸಂಜೆ ಏಜೆಂಟ್. "ಬುಕ್ಕಿಂಗ್ ನನ್ನದು, ಹೇಳಿ" ಎಂದರೂ ಜನ ಅವರನ್ನೇ ಕೇಳುತ್ತಿದ್ದರು.

ಒಮ್ಮೆ ಮೈಸೂರಿನ ಎಂಜಿನಿಯರೊಬ್ಬರ ಹೆಂಡತಿ ಆಫೀಸಿಗೇ ಫೋನ್ ಮಾಡಿ ನನ್ನನ್ನೇ ಕೇಳಿದರು. ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ಶುಕ್ರವಾರವೇ ಬಿದ್ದಿತ್ತು. ಉಬ್ಬಿಹೋಗಿ, ಮೇಜಿನ ಮೇಲಿದ್ದ ಡೈರಿಯಲ್ಲಿ ಗುರುತು ಹಾಕಿ ಒಪ್ಪಿಕೊಂಡೆ. ಅದರಲ್ಲಿ ಹಿಜ್ರಿ ತಾರೀಖಿತ್ತು, ಇಂಗ್ಲಿಷ್ ತಾರೀಖಿತ್ತು. ಅಡುಗೆಮನೆಯಲ್ಲಿ ತೂಗುತ್ತಿದ್ದ ಚರ್ಚಿನ ಕ್ಯಾಲೆಂಡರನ್ನು ನಾನು ನೋಡಲೇ ಇಲ್ಲ.

"ಎಂತ ಮಾರಾಯ್ತಿ, ತಪಸ್ಸುಕಾಲದಲ್ಲಿ ಡ್ಯಾನ್ಸಿಗೆ ಊದ್ಲಿಕ್ಕೆ ಉಂಟಾ?" ಎಂದರು ಗಂಡ. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ನಮ್ಮವರು ವಾದ್ಯಗಳನ್ನು ಮಂಚದಡಿಗೆ ತಳ್ಳಿಬಿಡುತ್ತಿದ್ದರು. "ಆಗುದಿಲ್ಲ ಅಂತ ಹೇಳಿಬಿಡು."

ಹೇಳಲಿಲ್ಲ. ನನ್ನನ್ನೇ ಕೇಳಿಕೊಂಡು ಬಂದ ಮೊದಲ ಬುಕ್ಕಿಂಗ್ ಅದು. ಅದನ್ನು ಬಿಟ್ಟರೆ ನಾನು ಕೊನೆಯವರೆಗೂ ಟ್ರಂಪೆಟಿನವನ ಹೆಂಡತಿಯೇ.

ಕುವೈತಿನಲ್ಲಿ ತಪಸ್ಸುಕಾಲದ ಹಂಗಿಲ್ಲದ ಇನ್ನೊಂದು ಬ್ಯಾಂಡ್ ಇತ್ತು. ಅದರ ಯಜಮಾನ ಕರಾಚಿಯ ಸ್ಯಾಕ್ಸೊಫೋನ್ ಭಾಯಿ. ಅವರಿಗೂ ನನ್ನ ಗಂಡನಿಗೂ ಎಣ್ಣೆ ಸೀಗೆಕಾಯಿ. ನಮ್ಮ ಬದಲು ನುಡಿಸುತ್ತೀರಾ ಎಂದು ಅವರಿಗೇ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, ನಿಮ್ಮ ಮಿಯಾಂ ಒಪ್ಪಿದ್ದಾರೆಯೇ ಎಂದರು.

"ಭಾಯಿ, ಬುಕ್ಕಿಂಗ್ ಮೇರಾ ಹೈ" ಎಂದೆ. ಅವರು ನಕ್ಕು ಒಪ್ಪಿಕೊಂಡರು.

ಮೈಸೂರಿನಾಕೆಗೂ ನಿಜವನ್ನೇ ಹೇಳಿದೆ. "ಅದಕ್ಕೇನಂತೆ, ನಾವು ಆಷಾಢದಲ್ಲಿ ಶುಭಕಾರ್ಯ ಮಾಡ್ತೀವಾ? ಯಾರಾದ್ರೂ ನುಡಿಸ್ಲಿ, ನೀವು ಮಾತ್ರ ಬರ್ಬೇಕು ಕಣ್ರೀ" ಎಂದರು.

ಗಂಡ ಮೂರು ದಿನ ಮಾತು ಬಿಟ್ಟರು. ನಾನೂ ಸೋಲಲಿಲ್ಲ, ಮೀನುಸಾರು ಬಡಿಸಿ ನನ್ನ ಕೆಲಸ ನೋಡಿಕೊಂಡೆ. ಶುಕ್ರವಾರ ಮಧ್ಯಾಹ್ನ ನೋಡಿದರೆ ನಮ್ಮ ಆಂಪ್ಲಿಫೈಯರನ್ನು ಕಾರಿಗೆ ಹೊರುತ್ತಿದ್ದಾರೆ!

"ಅವನದ್ದು ಲಟಾರಿ ಸಾಮಾನು. ನಿನ್ನ ಹೆಸರು ಹಾಳಾಗ್ತದೆ" ಎಂದರು, ನನ್ನ ಮುಖ ನೋಡದೆ. ನಾನು ಇನ್ನೊಂದು ತುದಿ ಹಿಡಿದೆ.

ಪಾರ್ಟಿ ಹಾಲ್‌ನಲ್ಲಿ ಭಾಯಿ ಚೆನ್ನಾಗಿಯೇ ನುಡಿಸಿದರು. ಗಂಡ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಪಾದ ಮಾತ್ರ ತಾಳ ಹಾಕುತ್ತಿತ್ತು. ಅಷ್ಟರಮಟ್ಟಿಗೆ ವ್ರತ ಕೆಟ್ಟಿತು.

ಈಸ್ಟರ್ ಕಳೆದ ವಾರ ಫೋನ್ ಬಂತು. ಅವರೇ ಎತ್ತಿಕೊಂಡರು. ಆ ಕಡೆಯವರು ಏನು ಕೇಳಿದರೋ, "ಹೌದು, ನಾನೇ" ಎಂದರು. ಒಲೆಯ ಮುಂದಿದ್ದ ನಾನು ಹಲ್ಲು ಕಚ್ಚಿದೆ.

"ನಾನು ಊದುವವ ಅಷ್ಟೆ," ಎಂದು ರಿಸೀವರನ್ನು ನನ್ನತ್ತ ಚಾಚಿದರು. "ಸ್ವಲ್ಪ ಇರಿ, ಬುಕ್ಕಿಂಗ್ ಇವಳದ್ದು."