ಕಟಿಂಗ್ ಅಂಗಡ್ಯಾಗಿನ ಫೋಟೋ

ಅಲ್ರೆಪಾ, ಬಾಯಿ ಬಿಟ್ಟಿದ್ದಕ್ಕ ಇಷ್ಟು ಸಿಟ್ಟಾ? ನಮ್ಮ ಸಿನಿಮಾ ಹೀರೋ ಮಾಡಿದ ಇಲೆಕ್ಷನ್ ಭಾಷಣ ಇವತ್ತಿನ ಪೇಪರ್‌ನಾಗ ಬಂದದ. ಮಾನ್ವಿ ಬಸ್‌ಸ್ಟ್ಯಾಂಡ್ ಮುಂದಿನ ಮೆಹಬೂಬಣ್ಣನ ಕಟಿಂಗ್ ಅಂಗಡ್ಯಾಗ ಕುಂತಿದ್ದೆ. ನಮ್ಮ ಓಣಿ ಶರಣಪ್ಪ ಬಂದವನ, "ಗ್ವಾಡಿ ಮ್ಯಾಲಿನ ಆ ಹೀರೋನ ಫೋಟೋ ಇಳಸು. ಕುಣಿಯಾವ್ಗ ರಾಜಕೀಯ ಯಾಕ? ಇಲ್ಲಂದ್ರ ನಮ್ಮ ಓಣ್ಯಾಗಿನ ಒಬ್ರೂ ನಿನ್ನ ಅಂಗಡಿಗಿ ಬರಂಗಿಲ್ಲ" ಅಂದ.

"ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ" ಅಂತ ಮೆಹಬೂಬಣ್ಣ ಫೋಟೋನ ಗ್ವಾಡಿಗಿ ತಿರುವಿಟ್ಟ. ನಾ ಪೇಪರ್ ಮಡಚಿಟ್ಟೆ. ಮುಂಜಾನಿಂದ ಆ ಭಾಷಣದ ಸಲುವಾಗಿ ಎಲ್ಲಾರ ಕೂಡ ಜಗಳಾಡಿ ಸಾಕಾಗಿತ್ತು.

ಶರಣಪ್ಪ ಕುರ್ಚಿ ಮ್ಯಾಲ ಕುಂತು, "ನನಗ ಅದ ಕಟಿಂಗ್ ಮಾಡು, ಕಿವಿ ಮುಚ್ಚಬೇಕು" ಅಂದ.

"ಯಾರ್ದು ಅಣ್ಣಾ?"

"ಅವಂದ ಲೇ, ಗ್ವಾಡಿಗಿ ಮುಖ ಮಾಡ್ಯಾನಲ್ಲ."

ಕೂದ್ಲ ಅವಂದ ಬೇಕು, ಮಾತು ಬ್ಯಾಡ ಅಂದ್ರ ಹೆಂಗ್ರೆಪಾ, ಯಾರರ ಒಬ್ರು ಹೇಳ್ತೀರೇನು?