ಅಪ್ಪನ ಹೆಸರಿಗೆ ಬಂದ ದಂಡ

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಅವರಿಗೆ ಮೊದಲ ಸಲ ದಂಡ ಬಿತ್ತು. ಬೀದರಿನ ಸರ್ಕಲ್ಲಿನ ಕ್ಯಾಮೆರಾ ತೆಗೆದ ಫೋಟೊದಲ್ಲಿ ಅವರ ಬೈಕಿನ ಮೇಲೆ ಮೂವರು, ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಮೆಸೇಜು ಬಂದದ್ದು ಅಪ್ಪನ ಫೋನಿಗೆ. ಅದನ್ನೀಗ ಅವ್ವ ಇಟ್ಟುಕೊಂಡಿದ್ದಾಳೆ.

ಭಾಲ್ಕಿ ಕಡೆಯ ಹಳ್ಳಿಗಳಿಗೆ ಸರ್ಕಾರಿ ಬಸ್ಸು ಓಡಿಸಿದವರು ಅಪ್ಪ. ನಿವೃತ್ತಿಯ ತನಕ ಒಂದೂ ದಂಡ ಕಟ್ಟಿದವರಲ್ಲ. ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಿಂದ ಓಣಿಯ ಕೊನೆಯ ಅಂಗಡಿಗೆ ಹೊರಟರೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ನಾವು ನಗುತ್ತಿದ್ದೆವು.

“ನಿಮ್ಮಪ್ಪನ ಹೆಸರ ಯಾಕ ಕೆಡಸ್ಲಾಕತ್ತಾರ?” ಎಂದು ಅವ್ವ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಫೋಟೊದಲ್ಲಿ ಓಡಿಸುವವನ ಮುಖ ಹಲ್ಲು ಸಮೇತ ಕಾಣುತ್ತಿದೆ, ದಂಡ ಮಾತ್ರ ಸತ್ತವರಿಗೆ! ಇದೆಂಥ ನ್ಯಾಯ? ಅಪ್ಪನ ಹೆಸರು ತೆಗೆಸದೆ ಬಿಡುವುದಿಲ್ಲ ಎಂದು ಮರುದಿನವೇ ರಜೆ ಹಾಕಿ ಔರಾದ್ ಬಸ್ಸು ಹತ್ತಿದೆ. ಅಲ್ಲಿನ ಒಬ್ಬ ವೆಲ್ಡಿಂಗ್ ಅಂಗಡಿಯವನಿಗೆ ಆ ಬೈಕನ್ನು ಮಾರಿದ್ದು ನಾನೇ.

ಅವನು ಕೆಲಸ ಬಿಟ್ಟು ಎದ್ದು ಕುರ್ಚಿ ಹಾಕಿದ. “ತಪ್ಪಾಗ್ಯಾದ್ರಿ ಅಕ್ಕಾ. ಇಬ್ರು ಕೆಲಸದವ್ರನ್ನ ಕೂಡಿಸ್ಕೊಂಡ ಬೀದರಿಗಿ ಬಂದಿದ್ದೆ. ದಂಡ ನಾ ಕಟ್ತೇನ್ರಿ.”

“ಬರೇ ದಂಡದ ಮಾತಲ್ಲೋ ತಮ್ಮಾ. ಹೆಸರ್ ಯಾಕ ಬದ್ಲಿ ಮಾಡ್ಸಿಲ್ಲ?” ನನ್ನ ದನಿ ಏರಿತ್ತು.

ಅವನು ನೆಲ ನೋಡಿದ. “ನಾ ಅವತ್ತೇ ಕೇಳಿದ್ನಲ್ರಿ. ‘ಅಪ್ಪನ ಹೆಸರ ಇನ್ನೊಂದಿಷ್ಟ ದಿನ ಇರ್ಲಿ’ ಅಂದೋರು ನೀವೇ ಅಕ್ಕಾ.”

ಹೌದು, ಅಂದಿದ್ದೆ. ಬ್ಯಾಂಕು, ರೇಷನ್ ಕಾರ್ಡು, ಕರೆಂಟ್ ಬಿಲ್ಲು ಎಂದು ಎಲ್ಲ ಕಾಗದಗಳಿಂದ ಅಪ್ಪನ ಹೆಸರು ತೆಗೆಸುತ್ತ ಓಡಾಡಿದ ದಿನಗಳವು. ಗಾಡಿಯ ಮೇಲಾದರೂ ಇರಲಿ ಎಂದು ಸುಮ್ಮನಾಗಿದ್ದೆ. ನಾಚಿಕೆಯಾಗಿ, ಅವನು ತರಿಸಿದ ಚಹಾ ಅಲ್ಲೇ ಬಿಟ್ಟು ಎದ್ದೆ.

ಆದರೂ ಹಿಡಿದ ಕೆಲಸ ಬಿಡಲಿಲ್ಲ. ಮುಂದಿನ ವಾರ ಅವನನ್ನು ಬೀದರಿಗೆ ಕರೆಸಿಕೊಂಡೆ. ಆರ್‌ಟಿಒ ಕಚೇರಿಯಲ್ಲಿ ಗಾಡಿ ಮೊದಲು ವಾರಸುದಾರಳಾದ ನನ್ನ ಹೆಸರಿಗೆ, ಆಮೇಲೆ ಅವನ ಹೆಸರಿಗೆ ಆಗಬೇಕು. ಅದಕ್ಕೂ ಮೊದಲು ದಂಡ ಕಟ್ಟಿರಬೇಕು. ಓಡಿಸಿದ ತಪ್ಪು ಅವನದು, ಟ್ರಾಫಿಕ್ ಠಾಣೆಯಲ್ಲಿ ಅವನೇ ಕಟ್ಟಿದ. ನನ್ನ ತಪ್ಪಿಗೆ ಯಾವ ಕೌಂಟರಿನಲ್ಲೂ ದಂಡ ಕಟ್ಟಿಸಿಕೊಳ್ಳುವುದಿಲ್ಲ.

“ರಸೀದಿ ಇವರ ಹೆಸರಿಗೆ ಕೊಡ್ರಿ,” ಎಂದೆ.

“ಗಾಡಿ ಯಾರ ಹೆಸರಿಗದಾ ಅವರದೇ ಬರ್ತದ್ರಿ,” ಎಂದರು ಕೌಂಟರಿನವರು.

ಅಪ್ಪನ ಹೆಸರಿನ ರಸೀದಿಯನ್ನು ಅವ್ವನ ಮುಂದಿಟ್ಟು, ಅವತ್ತು ನಾನು ಅಂದಿದ್ದ ಮಾತನ್ನೂ ಹೇಳಿದೆ.

ಅವ್ವ ರಸೀದಿಯನ್ನು ಮಡಿಸಿಟ್ಟಳು. “ಅವರು ಇದ್ದಿದ್ರ ನಿನಗ ಬೈತಿದ್ರು,” ಎಂದಳು.

ಬೈಯಬೇಕಾದದ್ದೇ.