ಮೂರು ಎಣಿಸಿ ಮಾತಾಡಿ

ಆ ಮೇಷ್ಟ್ರನ್ನು ನಾನು ಒಂದು ದಿನವೂ ಎದುರಿಗೆ ಕಂಡವಳಲ್ಲ. ಆದರೂ ಅವರ ದೇಹದಲ್ಲಿ ಏನೋ ಕೆಡುತ್ತಿದೆ ಎಂದು ಮೊದಲು ಗಮನಿಸಿದವಳು ನಾನೇ ಇರಬೇಕು. ಗಮನಿಸಿ ಸುಮ್ಮನಿದ್ದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮಲ್ಲಿ ಸಸ್ಯರೋಗಗಳ ಪಾಠ ಮಾಡುವವರು ಯಾರೂ ಇರಲಿಲ್ಲ. ಹಾಗಾಗಿ ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಅಲ್ಲಿಂದಲೇ ವಿಡಿಯೊ ಕಾನ್ಫರೆನ್ಸಿನಲ್ಲಿ ಕಲಿಸುವುದೆಂದು ಏರ್ಪಾಡಾಯಿತು. ಮಹಡಿಯ ಕೊನೆಯ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ದೊಡ್ಡ ಟಿ.ವಿ. ಬಂತು, ಅದರ ತಲೆಯ ಮೇಲೊಂದು ಕ್ಯಾಮೆರಾ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು.

ಯಂತ್ರ ನೋಡಿಕೊಳ್ಳುತ್ತಿದ್ದ ಆಪರೇಟರ್ ವಿದ್ಯಾರಣ್ಯಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಡುವಯಸ್ಸಿನವರು. ಮೊದಲ ದಿನವೇ ಹೇಳಿದ್ದರು: "ಅತ್ಲಾಗಿಂದ ಮಾತು ಬರಕ್ಕೆ ಒಸಿ ಟೈಮ್ ತಗೊಳ್ತದೆ. ಅವ್ರು ನಿಲ್ಲಿಸಿದ್ ಮೇಲೆ ಮೂರು ಎಣಿಸಿ ಮಾತಾಡಿ. ಮಧ್ಯೆ ಬಾಯಿ ಹಾಕ್ಬುಟ್ರೆ ಇಬ್ರುದೂ ಕೇಳಕ್ಕಿಲ್ಲ."

ಎಲ್ಲರ ಪ್ರಶ್ನೆಗಳನ್ನು ಚೀಟಿಯಲ್ಲಿ ಪಡೆದು ಮೈಕಿನಲ್ಲಿ ಓದುವ ಕೆಲಸವನ್ನು ವಿಭಾಗದ ಮುಖ್ಯಸ್ಥೆ ನನಗೆ ವಹಿಸಿದರು. "ನೀನಾದ್ರೆ ಬೇಡದ ಮಾತಾಡಲ್ಲ," ಎಂದರು.

ಮೇಷ್ಟ್ರು ರೋಗ ಬಂದ ಎಲೆಗಳನ್ನು ತಂದು ಬಲಗೈಯಲ್ಲಿ ಕ್ಯಾಮೆರಾದ ಹತ್ತಿರ ಹಿಡಿಯುತ್ತಿದ್ದರು. "ಕಾಣಸ್ತದೇನ್ರೀ ಮೈಸೂರವರಿಗೆ? ಎಲಿ ಬಾಡಿದ ಮ್ಯಾಲೆ ಔಷಧ ಹುಡುಕಬ್ಯಾಡ್ರಿ." ಅವರ ಹಿಂದಿನ ಗೋಡೆಯಲ್ಲಿ ದೊಡ್ಡ ಗಡಿಯಾರವಿತ್ತು. ಅದರ ಸೆಕೆಂಡಿನ ಮುಳ್ಳು ಕೆಂಪು. ಲೈನು ಕೆಟ್ಟಾಗ ಮೇಷ್ಟ್ರ ಮುಖ ಚೌಕಚೌಕವಾಗಿ ನಿಂತುಬಿಡುತ್ತಿತ್ತು, ಮುಳ್ಳೂ ನಿಲ್ಲುತ್ತಿತ್ತು. ಆಗ ಆಪರೇಟರ್ ಲೈನು ಕತ್ತರಿಸಿ ಮತ್ತೆ ಡಯಲ್ ಮಾಡುತ್ತಿದ್ದರು.

ದಸರಾ ರಜೆ ಮುಗಿದ ಮೇಲಿನ ಮೊದಲ ಪಾಠದಲ್ಲಿ ಎಲೆ ಎಡಗೈಯಲ್ಲಿತ್ತು. ಮುಂದಿನ ವಾರ ಅವರು ವಾಕ್ಯದ ಮಧ್ಯೆ ನಿಂತರು. ನಾನು ಮೂರು ಎಣಿಸಿದೆ, ಆರು ಎಣಿಸಿದೆ. ಪಕ್ಕದಲ್ಲಿದ್ದ ಗೆಳತಿ, "ಯಾರೋ ಸ್ಟ್ಯಾಚು ಅಂದ್ಬುಟ್ಟಿದಾರೆ ಕಣೇ," ಎಂದಳು. ತರಗತಿ ನಕ್ಕಿತು. ಮೇಷ್ಟ್ರು ಅಲುಗಲಿಲ್ಲ. ಅವರ ತಲೆಯ ಹಿಂದೆ ಕೆಂಪು ಮುಳ್ಳು ಮಾತ್ರ ನಡೆಯುತ್ತಲೇ ಇತ್ತು. ನನ್ನ ಎಣಿಕೆ ಹನ್ನೊಂದಕ್ಕೆ ಬಂದಾಗ ಅವರು ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿದರು.

ಪಾಠ ಮುಗಿದ ಮೇಲೆ ಆಪರೇಟರನ್ನು ಕೇಳಿದೆ. "ಲೈನು ಕಣಮ್ಮ. ಒಂದೊಂದ್ಸಲ ಅಂಗೇ, ಚೂರು ನಿಲ್ತದೆ, ಚೂರು ಓಡ್ತದೆ." ಯಂತ್ರ ಬಲ್ಲವರು ಅವರು. ಆದರೂ ಮುಖ್ಯಸ್ಥೆಯ ಕೋಣೆಯ ತನಕ ಹೋದೆ. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಏನೆಂದು ಹೇಳಲಿ? ಮೇಷ್ಟ್ರು ಎಂಟು ಸೆಕೆಂಡು ತಡವಾಗಿ ಮಾತಾಡಿದರು ಎಂದೇ? ಬಾಗಿಲಿನಿಂದಲೇ ಹಿಂತಿರುಗಿದೆ.

ಅದರ ಮುಂದಿನ ಗುರುವಾರ ಅವರ ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಎಂದಿನಂತೆ ಧಾರವಾಡದ ಕಡೆಯ ಆಪರೇಟರ್ ಸಂಪರ್ಕ ಕೊಟ್ಟು ಬಾಗಿಲೆಳೆದುಕೊಂಡು ಹೋದರು. ಅರ್ಧ ಪಾಠದಲ್ಲಿ ಮೇಷ್ಟ್ರು, "ಪ್ರಶ್ನೆ ಕೇಳ್ರಿ," ಎಂದರು. ನಾನು ಚೀಟಿ ಓದಿದೆ. ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ಹತ್ತು, ಹದಿನೈದು, ಇಪ್ಪತ್ತು. ಎಡಗೈಯ ಎಲೆ ಮೇಜಿನ ಮೇಲೆ ಬಿತ್ತು. ಯಾರೂ ನಗಲಿಲ್ಲ.

"ಓ, ನಿಂತೋಯ್ತು. ಕಟ್ ಮಾಡಿ ಹಾಕ್ತೀನಿ ತಡೀರಿ," ಎನ್ನುತ್ತ ಆಪರೇಟರ್ ಎದ್ದರು.

ಕೆಂಪು ಮುಳ್ಳು ನಡೆಯುತ್ತಿತ್ತು. ನನ್ನ ಕೈಯಲ್ಲಿ ಮೈಕಿತ್ತು. ಬೇಡ ಎನ್ನಲು ಒಂದು ಕ್ಷಣ ಸಾಕಿತ್ತು. ಮೇಷ್ಟ್ರು ನೇರವಾಗಿ ನಮ್ಮನ್ನೇ ನೋಡುತ್ತಿದ್ದರು. ತೆರೆ ಕಪ್ಪಾಯಿತು.

ಡಯಲ್ ಆಗಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಧಾರವಾಡದ ಆ ಕೋಣೆಯಲ್ಲಿ ಅವರನ್ನು ನೋಡುತ್ತಿದ್ದವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಚಿತ್ರ ಮತ್ತೆ ಬಂದಾಗ ಗಡಿಯಾರವಿತ್ತು, ಖಾಲಿ ಕುರ್ಚಿ ಓರೆಯಾಗಿತ್ತು. ಮೇಜಿನ ಅಂಚಿನ ಕೆಳಗಿನದು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ.

"ಸರ್?" ಎಂದೆ. ಅಭ್ಯಾಸ, ಮೂರು ಎಣಿಸಿದೆ. ಆಮೇಲೆ ಆಪರೇಟರ್ ಕಡೆ ತಿರುಗಿ, "ಲೈನಲ್ಲ. ಧಾರವಾಡಕ್ಕೆ ಫೋನ್ ಮಾಡಿ, ಅವರು ಬಿದ್ದಿದ್ದಾರೆ," ಎಂದೆ. ಅವರು ಚಪ್ಪಲಿ ಹಾಕದೆ ಕೆಳಗಿನ ಆಫೀಸಿಗೆ ಓಡಿದರು. ಬಹಳ ಹೊತ್ತಾದ ಮೇಲೆ ತೆರೆಯಲ್ಲಿ ಬಾಗಿಲು ತೆರೆಯಿತು. ಯಾರೋ ಓಡಿಬಂದು ಬಗ್ಗಿದರು. ಇನ್ನೊಬ್ಬರು ಬಂದು ಕ್ಯಾಮೆರಾಕ್ಕೆ ಟವೆಲ್ ಹೊದಿಸಿದರು.

ಮುಂದಿನ ಗುರುವಾರ ಹನ್ನೊಂದಕ್ಕೆ ಅದೇ ಕೋಣೆಗೆ ಮುಖ್ಯಸ್ಥೆ ಬಂದರು. ಮೇಷ್ಟ್ರ ಜೀವ ಉಳಿದಿದೆ, ಬಲಗೈಯೂ ಮಾತೂ ಹೋಗಿವೆ, ಬೇಗ ಕರೆತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಟಿ.ವಿ.ಯ ಪಕ್ಕ ನಿಂತಿದ್ದ ಆಪರೇಟರ್ ನೆಲ ನೋಡುತ್ತಿದ್ದರು.

ಮುಖ್ಯಸ್ಥೆ ನನ್ನ ಕಡೆ ತಿರುಗಿದರು. "ವಾರವಾರ ನೋಡ್ತಿದ್ಯಲ್ಲಮ್ಮ, ಮೊದಲೇ ಏನಾದ್ರೂ ಗೊತ್ತಾಯ್ತೇನು?"

"ಲೈನು ಸರಿ ಇರಲಿಲ್ಲ, ಮೇಡಂ," ಎಂದೆ.